ಬೀಡುಕಬ್ಬಿಣದ ಔದಾರ್ಯ

ಕೃಷ್ಣೆಯ ದಂಡೆಯ ಹಿಪ್ಪರಗಿಯಿಂದ ಹೊರಟು, ರಬಕವಿ-ಬನಹಟ್ಟಿಗಳ ಮಗ್ಗದ ಸದ್ದನ್ನು ದಾಟಿ, ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಹಾಯ್ದು ಮುಧೋಳದ ಕಡೆಗಾಗಲಿ, ಜಮಖಂಡಿಯನ್ನು ಬಳಸಿ ಬೀಳಗಿಯ ಕಡೆಗಾಗಲಿ ಪಯಣಿಸುವವರಿಗೆ, ಕಬ್ಬಿನ ಹಸುರಿನ ನಡುನಡುವೆ ಎಣ್ಣೆಯಿಂದ ಕಪ್ಪೇರಿದ ಅಂಗಳವುಳ್ಳ ದುರಸ್ತಿಯ ಅಂಗಡಿಗಳು ಕಣ್ಣಿಗೆ ಬೀಳದೆ ಇರವು. ಗೋಡೆಗೆ ಒರಗಿಸಿದ ಕ್ರ್ಯಾಂಕುಗಳು, ಮುಚ್ಚಳ ಕಳಚಿದ ಗೇರುಪೆಟ್ಟಿಗೆಗಳು, ಒಡಲು ಬರಿದಾದ ಎಂಜಿನ್ ಬ್ಲಾಕುಗಳು, ಯಾವ ಯಂತ್ರದಿಂದ ಬಂದವೆಂದು ಹೇಳಲಾಗದ ಗಾಲಿಗಳು ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಬಿದ್ದಿರುವುದನ್ನು ಕಂಡ ಪರಸ್ಥಳದವರು ಇದೆಲ್ಲ ಗುಜರಿಯೆಂದು ಬಗೆದು ಮುಂದೆ ಸಾಗುವುದು ಸಹಜವೇ. ಆದರೆ ಆ ರಾಶಿಯೊಳಗಿನ ತುಂಡುಗಳ ಅಳತೆಗಳೆಲ್ಲ ಅಂಗಡಿಯ ಮಿಸ್ತ್ರಿಗೆ ಬಾಯಿಪಾಠವಾಗಿರುತ್ತವೆ. ಯಾವ ಟ್ರ್ಯಾಕ್ಟರಿನ ಪಿಸ್ಟನ್ ಯಾವುದಕ್ಕೆ ಒಗ್ಗುವುದು, ಯಾವುದರ ಗೇರು ಯಾವುದರ ಹಲ್ಲಿಗೆ ಕೂಡುವುದು ಎಂಬ ವಿದ್ಯೆ ಯಾವ ಗ್ರಂಥದಲ್ಲಿಯೂ ಲಿಖಿತವಾಗದೆ, ಗುರುವಿನ ಕೈಯಿಂದ ಶಿಷ್ಯನ ಕೈಗೆ ಸಾಗಿಬಂದಿರುತ್ತದೆ.

ಒಂದು ಯಂತ್ರದ ಅವಯವವನ್ನು ಇನ್ನೊಂದಕ್ಕೆ ಜೋಡಿಸಿ, ಹಳೆಯ ಎಂಜಿನ್ನಿನಿಂದ ಅದರ ನಿರ್ಮಾಪಕನೂ ನಿರೀಕ್ಷಿಸದಿದ್ದ ಕಸುವನ್ನು ಹೊರಡಿಸುವ ಈ ಕಲೆಗೆ ಅಮೆರಿಕದಲ್ಲಿ ಒಂದು ದೊಡ್ಡ ಇತಿಹಾಸವೇ ಉಂಟು. ಅಲ್ಲಿ ಇಂಥ ಮೋಟಾರುಗಾಡಿಗಳನ್ನು ಹಾಟ್ ರಾಡ್ ಎಂದು ಕರೆಯುತ್ತಾರೆ. ಕ್ಯಾಲಿಫೋರ್ನಿಯಾದ ದಕ್ಷಿಣಭಾಗದಲ್ಲಿ, ನೀರು ಬತ್ತಿ ಗಟ್ಟಿಯಾದ ಮ್ಯೂರಾಕ್ ಮೊದಲಾದ ಕೆರೆಗಳ ಅಂಗಳದಲ್ಲಿ, ಕೈಯಲ್ಲಿ ಹಣವಿಲ್ಲದಿದ್ದರೂ ವೇಗದ ಹುಚ್ಚು ಹತ್ತಿದ್ದ ತರುಣರು ಹಳೆಯ ಫೋರ್ಡ್ ಗಾಡಿಗಳನ್ನು ಕೊಂಡು, ಮಡ್‌ಗಾರ್ಡು, ಬಾನೆಟ್ಟುಗಳನ್ನೆಲ್ಲ ಕಿತ್ತೆಸೆದು, ಗಡಿಯಾರ ಹಿಡಿದು ಓಡಿಸುತ್ತಿದ್ದರು. 1937ರಲ್ಲಿ ಅವರ ಸಂಘಗಳೆಲ್ಲ ಒಗ್ಗೂಡಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದುವು. 1948ರ ಜನವರಿಯಲ್ಲಿ ಹಾಟ್ ರಾಡ್ ಎಂಬ ಹೆಸರಿನ ಮಾಸಪತ್ರಿಕೆಯೇ ಹುಟ್ಟಿತು. ಮರುವರ್ಷ ಯೂಟಾ ಪ್ರಾಂತದ ಬಾನವಿಲ್ ಎಂಬ ಉಪ್ಪಿನ ಬಯಲಿನಲ್ಲಿ ವೇಗದ ಸಪ್ತಾಹ ಮೊದಲಾಯಿತು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಬಿಲ್ ಬರ್ಕ್ ಎಂಬಾತನು, ಯುದ್ಧವಿಮಾನಗಳ ಹೊಟ್ಟೆಗೆ ತೂಗುಹಾಕಿ ಬರಿದಾದ ಮೇಲೆ ಬೀಳಿಸಿಬಿಡುತ್ತಿದ್ದ ಇಂಧನದ ತೊಟ್ಟಿಯೊಂದನ್ನು ಗುಜರಿಯಿಂದ ತಂದು, 1946ರಲ್ಲಿ ಅದನ್ನೇ ಗಾಡಿಯ ಮೈಯನ್ನಾಗಿ ಮಾಡಿಕೊಂಡ ಪ್ರಸಂಗವು ಈ ಜನರ ಮನೋಧರ್ಮವನ್ನು ಚೆನ್ನಾಗಿ ತೋರಿಸುತ್ತದೆ.

ಇವರೆಲ್ಲರ ಆರಾಧ್ಯದೈವವಾಗಿದ್ದುದು ಫೋರ್ಡ್ ಕಂಪನಿಯು 1932ರಲ್ಲಿ ಹೊರತಂದ ವಿ-8 ಎಂಜಿನ್. ಎಂಟು ಸಿಲಿಂಡರುಗಳನ್ನು ಒಂದೇ ಎರಕದಲ್ಲಿ ಹೊಯ್ದು ಸಾಮಾನ್ಯನ ಕೈಗೆಟಕುವ ಬೆಲೆಗೆ ಮಾರಿದುದು ಹೆನ್ರಿ ಫೋರ್ಡನ ಸಾಹಸ. ಮೊದಲಿಗೆ ಅದರ ಒಳಗಾತ್ರ ಸುಮಾರು 3.6 ಲೀಟರು, ಶಕ್ತಿ 65 ಅಶ್ವಶಕ್ತಿ. ಮುಂದೆ ಅದು ಸುಮಾರು 3.9 ಲೀಟರಿಗೆ ಬೆಳೆಯಿತು. ಅದೇ ಕಂಪನಿಯು ಮರ್ಕ್ಯುರಿ ಎಂಬ ಹೆಸರಿನಿಂದ ಮಾರುತ್ತಿದ್ದ ಮೇಲ್ದರ್ಜೆಯ ಗಾಡಿಗೆ 1949ರಿಂದ ಕೊಂಚ ಉದ್ದನೆಯ ಕ್ರ್ಯಾಂಕನ್ನು ಹಾಕಲಾಗುತ್ತಿತ್ತು: ಫೋರ್ಡಿನಲ್ಲಿ ಪಿಸ್ಟನ್ ಮೇಲಿನಿಂದ ಕೆಳಕ್ಕೆ 3.75 ಅಂಗುಲ ಚಲಿಸಿದರೆ ಮರ್ಕ್ಯುರಿಯಲ್ಲಿ 4 ಅಂಗುಲ ಚಲಿಸುತ್ತಿತ್ತು. ಅಪಘಾತದಲ್ಲಿ ನುಗ್ಗಾದ ಮರ್ಕ್ಯುರಿಯ ಕ್ರ್ಯಾಂಕನ್ನು ತಂದು ಫೋರ್ಡಿನ ಬ್ಲಾಕಿಗೆ ಕೂರಿಸಿದರೆ ಹೊಸ ಎರಕದ ಖರ್ಚಿಲ್ಲದೆ ಎಂಜಿನ್ನಿನ ಗಾತ್ರ ಹೆಚ್ಚಿತು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಕ್ರ್ಯಾಂಕಿನ ಹೊಡೆತ ಕಾಲು ಅಂಗುಲ ಹೆಚ್ಚಿದಾಗ ಅದರ ಅರ್ಧ ಮೇಲಕ್ಕೂ ಅರ್ಧ ಕೆಳಕ್ಕೂ ಹಂಚಿಹೋಗುವುದರಿಂದ ಪಿಸ್ಟನ್ನು ಅಂಗುಲದ ಎಂಟರಲ್ಲೊಂದು ಪಾಲು ಮೇಲಕ್ಕೆ ನುಗ್ಗಿ ಹೆಡ್ಡಿಗೆ ಬಡಿಯುತ್ತದೆ. ಅದಕ್ಕಾಗಿ ಪಿನ್ನಿನ ರಂಧ್ರವನ್ನು ಅಷ್ಟೇ ಮೇಲಕ್ಕೆ ಕೊರೆದಿರುವ ಮರ್ಕ್ಯುರಿಯ ಪಿಸ್ಟನ್ನುಗಳನ್ನೇ ಹಾಕಬೇಕು. ಇದರ ಮೇಲೆ ಸಿಲಿಂಡರಿನ ಗೋಡೆಯನ್ನು ಅಡ್ಡಳತೆಯಲ್ಲಿ ಅಂಗುಲದ ಎಂಟರಲ್ಲೊಂದು ಪಾಲು, ನಮ್ಮ ಮಿಸ್ತ್ರಿಗಳ ಲೆಕ್ಕದಲ್ಲಿ ಒಂದು ಸೂತು, ಕೊರೆಸಿ ಅಗಲಿಸಿದರೆಂದರೆ 3.9 ಲೀಟರಿನ ಎಂಜಿನ್ನು 4.5 ಲೀಟರಿನದಾಗಿ ಪರಿಣಮಿಸುತ್ತಿತ್ತು. ಗೇರುಪೆಟ್ಟಿಗೆಗೆ ಲಿಂಕನ್ ಜೆಫರ್ ಗಾಡಿಯ ಹಲ್ಲುಗಳು. 1932ರ ಚೌಕಟ್ಟಿಗೆ, ಫೋರ್ಡ್ 1939ರಲ್ಲಿ ಮೊದಲ ಸಲ ಹಾಕಿದ ಎಣ್ಣೆಯ ಒತ್ತಡದ ಬ್ರೇಕುಗಳು. ಹೀಗೆ ಐದಾರು ಗಾಡಿಗಳ ಅವಶೇಷಗಳಿಂದ ಒಂದು ಗಾಡಿ ಸಿದ್ಧವಾಗುತ್ತಿತ್ತು.

ಇಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಹುಟ್ಟಬೇಕು. ಅಡ್ಡಳತೆಯಲ್ಲಿ ಒಂದು ಸೂತಿನಷ್ಟು ಕೊರೆದು ತೆಗೆದ ಮೇಲೂ ಆ ಸಿಲಿಂಡರು ಒಡೆಯದೆ ನಿಂತಿತು ಹೇಗೆ? ಅಷ್ಟು ಲೋಹವನ್ನು ಕಾರ್ಖಾನೆಯವರು ಅಲ್ಲಿ ಏಕೆ ಇಟ್ಟಿದ್ದರು? ಉತ್ತರ ಸರಳವಾದುದು. ಆ ಕಾಲದ ಎರಕದ ಕೆಲಸದಲ್ಲಿ ಮರಳಿನ ಅಚ್ಚು ಕೂದಲೆಳೆಯಷ್ಟು ಅತ್ತಿತ್ತ ಸರಿಯುವುದು ಸಾಮಾನ್ಯವಾಗಿತ್ತಾದುದರಿಂದ, ಗೋಡೆ ಒಂದು ಕಡೆ ತೆಳುವಾದರೂ ಕೆಡದಿರಲೆಂದು ಎಲ್ಲ ಕಡೆಯೂ ದಪ್ಪವಾಗಿ ಹೊಯ್ಯುತ್ತಿದ್ದರು. ಸವೆದ ಸಿಲಿಂಡರನ್ನು ಮುಂದೆ ಕೊರೆಸಿ, ದೊಡ್ಡ ಪಿಸ್ಟನ್ ಹಾಕಿ ಮತ್ತೆ ಬಳಸುವುದು ಆಗಿನ ವಾಡಿಕೆಯೂ ಆಗಿತ್ತು. ಹೊಲಿಗೆಯ ಒಳಗೆ ಬಟ್ಟೆಯನ್ನು ಮಡಿಸಿಟ್ಟು, ಹುಡುಗ ಬೆಳೆದಂತೆ ಬಿಚ್ಚಿಕೊಳ್ಳಲು ಅವಕಾಶ ಕೊಡುವ ಹಳೆಯ ದರ್ಜಿಯ ವಿವೇಕ ಅದು. ಹಳೆಯ ಎಂಜಿನ್ನುಗಳನ್ನು ಎರಡನೆಯ ಸಲ, ಮೂರನೆಯ ಸಲ ಬದುಕಿಸುವವರೆಲ್ಲರೂ, ಅವರು ಲಾಸ್ ಏಂಜಲಿಸ್‌ನವರಾಗಿರಲಿ ಬನಹಟ್ಟಿಯವರಾಗಿರಲಿ, ತಾವು ಕಾಣದ ಯಾವನೋ ಎರಕದವನು ಬಿಟ್ಟುಹೋದ ಈ ಹೆಚ್ಚುವರಿ ಲೋಹದ ವಾರಸುದಾರರು. ಹೊಸ ಭಾಗವನ್ನು ಕೊಳ್ಳುವ ಶಕ್ತಿಯಿಲ್ಲದೆ ಮಾಡುವ ದಾರಿದ್ರ್ಯದ ಕೆಲಸವೆಂದು ಈ ವೃತ್ತಿಯನ್ನು ಹಗುರಾಗಿ ಕಾಣುವವರಿಗೆ ಇದರ ಮರ್ಮ ತಿಳಿದಿಲ್ಲವೆಂದೇ ನನ್ನ ಅಭಿಪ್ರಾಯ.

ನಮ್ಮ ಸೀಮೆಗೆ ಎಂಜಿನ್ ಬಂದುದು ವೇಗಕ್ಕಾಗಿ ಅಲ್ಲ, ನೀರಿಗಾಗಿ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿಯು 1930ರ ಸುಮಾರಿಗೆ ಹೊರತಂದ, ನಿಮಿಷಕ್ಕೆ ಆರುನೂರು ಸುತ್ತು ಮಾತ್ರ ತಿರುಗುವ, ಐದು ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಹೆಸರನ್ನು ಕೇಳದ ಹಳೆಯ ಒಕ್ಕಲಿಗನು ದುರ್ಲಭ. ನಾಲ್ಕೂವರೆ ಅಂಗುಲದ ಸಿಲಿಂಡರು, ಐದೂವರೆ ಅಂಗುಲದ ಹೊಡೆತ, ಎರಡೂ ಪಕ್ಕಗಳಲ್ಲಿ ಭಾರಿ ಗಾಲಿಗಳು. ಆರುನೂರು ಸುತ್ತಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಇಂಧನ ಉರಿಯುವುದರಿಂದ ಸೆಕೆಂಡಿಗೆ ಐದೇ ಬಡಿತಗಳು. ಕಿವಿಯಿಂದಲೇ ಎಣಿಸಬಹುದಾದ ಆ ಬಡಿತವು ರಾತ್ರಿಯ ಹೊತ್ತು ಹೊಳೆಯ ಆಚೆಗೂ ಕೇಳಿಸುತ್ತಿತ್ತು. ಇಂಗ್ಲೆಂಡಿನಲ್ಲಿ 1987ರಲ್ಲಿ ಇದರ ತಯಾರಿಕೆ ನಿಂತರೂ, ಗುಜರಾತದ ರಾಜಕೋಟೆಯ ಎರಕದವರು ಅದರ ಪ್ರತಿರೂಪವನ್ನು ಆರು ಅಶ್ವಶಕ್ತಿ, ಎಂಟು ಅಶ್ವಶಕ್ತಿಗಳೆಂದು ಹೊಯ್ದು ದೇಶದ ಮೂಲೆಮೂಲೆಗೂ ಕಳುಹಿಸಿದರು.

ಇಂಥ ಎಂಜಿನ್ನನ್ನು ಚಾಲೂ ಮಾಡುವ ವಿಧಿಯನ್ನು ನೋಡಿದವರು ಅದನ್ನು ಮರೆಯಲಾರರು. ಮೊದಲು ಹೆಡ್ಡಿನ ಮೇಲಿನ ಸಣ್ಣ ಸನ್ನೆಯನ್ನು ಎತ್ತಿ ಹೊಗೆಯ ವಾಲನ್ನು ತೆರೆದಿಡಬೇಕು. ಆಗ ಒಳಗಿನ ಗಾಳಿ ಅದುಮಿಕೊಳ್ಳದೆ ಹೊರಬೀಳುವುದರಿಂದ ಗಾಲಿ ಹಗುರಾಗಿ ತಿರುಗುತ್ತದೆ. ಹ್ಯಾಂಡಲು ಸಿಕ್ಕಿಸಿ, ಸೊಂಟವನ್ನು ಬಗ್ಗಿಸಿ, ಮೊದಲು ನಿಧಾನವಾಗಿಯೂ ಆಮೇಲೆ ಬಿರುಸಾಗಿಯೂ ಸುತ್ತಿ, ಗಾಲಿಗೆ ಸಾಕಷ್ಟು ಓಟ ಬಂದಿತೆಂದು ತೋಳಿಗೆ ತಿಳಿದ ಕ್ಷಣದಲ್ಲಿ ಆ ಸನ್ನೆಯನ್ನು ಬಿಡಬೇಕು. ಗಾಲಿಯಲ್ಲಿ ಕೂಡಿಟ್ಟ ಓಟವೇ ಗಾಳಿಯನ್ನು ಅದುಮಿ, ಅದುಮಿದ ಗಾಳಿ ಕಾದು, ನೋಝಲಿನಿಂದ ಚಿಮ್ಮಿದ ಎಣ್ಣೆ ಆ ಕಾವಿಗೆ ಹೊತ್ತಿಕೊಳ್ಳುತ್ತದೆ. ಕಿಡಿಯ ಪ್ಲಗ್ಗಿಲ್ಲ, ಬ್ಯಾಟರಿಯಿಲ್ಲ. ತಣ್ಣಗಾಗಿಸಲು ಪಕ್ಕದಲ್ಲಿ ನೀರಿನ ಒಂದು ಡ್ರಮ್ಮು ಸಾಕು; ಕಾದ ನೀರು ತಾನೇ ಮೇಲೇರಿ ಡ್ರಮ್ಮಿಗೆ ಹೋಗುತ್ತದೆ, ತಣ್ಣನೆಯದು ತಾನೇ ಕೆಳಗಿನಿಂದ ಒಳಬರುತ್ತದೆ. ಯಂತ್ರವು ಇಷ್ಟು ನಿರಾಡಂಬರವಾಗಿದ್ದುದರಿಂದಲೇ ಕಮ್ಮಾರಸಾಲೆಯಲ್ಲಿ ಪಳಗಿದ ಕೈಗಳು ಅದನ್ನು ಬಿಚ್ಚಿ ಜೋಡಿಸುವ ಧೈರ್ಯ ಮಾಡಿದುವು.

ಹೊಳೆಯಲ್ಲಿ ನೀರು ನಿಂತಿತೆಂದರೆ ಎಂಜಿನ್ನುಗಳಿಗೆ ಕೆಲಸ. ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ಸರಕಾರದ ದಾರಿ ಕಾಯದೆ, ತಮ್ಮ ಹಣ ಮತ್ತು ತಮ್ಮ ದುಡಿಮೆಗಳಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡವಾಗಿ ಕಟ್ಟಿಕೊಂಡ, 1989ರಲ್ಲಿ ಮುಗಿದ ಶ್ರಮಬಿಂದು ಸಾಗರವೂ, ಅದರ ಮೇಲ್ಭಾಗದಲ್ಲಿ ಆಮೇಲೆ ಆದ ಹಿಪ್ಪರಗಿಯ ಬ್ಯಾರೇಜೂ ಬೇಸಗೆಯಲ್ಲಿಯೂ ಹೊಳೆಯಲ್ಲಿ ನೀರನ್ನು ನಿಲ್ಲಿಸಿದುವಷ್ಟೆ. ಆ ನೀರನ್ನು ದಂಡೆಯ ಮೇಲಕ್ಕೆತ್ತಿ, ದೂರದ ಹೊಲಗಳಿಗೆ ಪೈಪಿನಲ್ಲಿ ನೂಕುವ ಕೆಲಸ ಪಂಪುಗಳ ಪಾಲಿನದು. ಕಾಲಕ್ರಮದಲ್ಲಿ ವಿದ್ಯುತ್ತಿನ ಮೋಟಾರುಗಳು ಬಂದು ಡೀಸೆಲ್ ಎಂಜಿನ್ನುಗಳು ದಂಡೆಯಿಂದ ಹಿಂದೆ ಸರಿದುವು. ಸರಿದುವೇ ಹೊರತು ಸಾಯಲಿಲ್ಲ. ನೀರೆತ್ತಿದ ಎಂಜಿನ್ನು ಪಟ್ಟಾ ಬದಲಿಸಿಕೊಂಡು ಕಬ್ಬಿನ ಗಾಣ ತಿರುಗಿಸಿತು. ಗಾಣಕ್ಕೂ ಬೇಡವಾದದ್ದು ಹಳ್ಳಿಯ ಹಿಟ್ಟಿನ ಗಿರಣಿಗೆ ಹೋಯಿತು. ಅಲ್ಲಿಂದಲೂ ಬಿಡುಗಡೆ ಹೊಂದಿದ್ದು ಡೈನಮೋ ಕಟ್ಟಿಸಿಕೊಂಡು ಜಾತ್ರೆಯ ದೀಪಗಳನ್ನು ಬೆಳಗಿತು. ಎಂಜಿನ್ನು ಗೊತ್ತಾದ ಒಂದೇ ವೇಗದಲ್ಲಿ ತಿರುಗುವುದರಿಂದ, ಪುಲ್ಲಿಯ ಅಳತೆಯನ್ನು ಹೆಚ್ಚುಕಡಿಮೆ ಮಾಡಿದರೆ ಮುಂದಿನ ಯಂತ್ರಕ್ಕೆ ಬೇಕಾದ ವೇಗ ದೊರೆಯುತ್ತದೆ. ಹಳೆಯ ಪುಲ್ಲಿಗಳನ್ನು ಯಾವ ಮಿಸ್ತ್ರಿಯೂ ಮಾರದಿರುವುದಕ್ಕೆ ಇದೇ ಕಾರಣ.

ಈಗಿನ ದಿವಸಗಳಲ್ಲಿ ಈ ವಿದ್ಯೆಯ ಮುಖ್ಯ ಕ್ಷೇತ್ರ ಟ್ರ್ಯಾಕ್ಟರು. ಹಂಗಾಮು ಬಂದಿತೆಂದರೆ ಸಕ್ಕರೆ ಕಾರ್ಖಾನೆಗಳ ಕಡೆಗೆ, ಒಂದರ ಹಿಂದೊಂದು ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಸಾಲು ಈ ಭಾಗದ ರಸ್ತೆಗಳಲ್ಲಿ ಮುಗಿಯುವುದೇ ಇಲ್ಲ. ಬೇರೆ ವಾಹನದವರು ಆ ತಿಂಗಳುಗಳಲ್ಲಿ ತಾಳ್ಮೆಯನ್ನು ವ್ರತದಂತೆ ಆಚರಿಸಬೇಕಾಗುತ್ತದೆ. ಈ ಸಾಲಿನಲ್ಲಿ ಹೊಸ ಹೊಸ ಕಂಪನಿಗಳ ಟ್ರ್ಯಾಕ್ಟರುಗಳ ನಡುವೆ ಎಚ್‌ಎಂಟಿಯ ಹಳೆಯ ಟ್ರ್ಯಾಕ್ಟರು ಕಣ್ಣಿಗೆ ಬಿದ್ದರೆ ಬಲ್ಲವರು ತಿರುಗಿ ನೋಡುತ್ತಾರೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರಕಾರಿ ಸಂಸ್ಥೆಯು ಗಡಿಯಾರಕ್ಕೆ ಪ್ರಸಿದ್ಧವಾದಷ್ಟೇ ಒಕ್ಕಲಿಗರಲ್ಲಿ ಟ್ರ್ಯಾಕ್ಟರಿಗೂ ಪ್ರಸಿದ್ಧವಾಯಿತು. ಚೆಕೊಸ್ಲೊವಾಕಿಯದ ಬರ್ನೊ ನಗರದ ಜೆಟರ್ ಕಂಪನಿಯ ಸಹಯೋಗದಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರುಗಳ ತಯಾರಿಕೆಯನ್ನು ಅದು ಆರಂಭಿಸಿತು. 2016ರಲ್ಲಿ ಕೇಂದ್ರ ಸಂಪುಟವು ಆ ವಿಭಾಗವನ್ನು ಮುಚ್ಚಲು ಒಪ್ಪಿಗೆಯಿತ್ತಿತು.

ಕಂಪನಿ ಮುಚ್ಚಿದ ಮೇಲೂ ಟ್ರ್ಯಾಕ್ಟರು ಬದುಕಿರುವುದಕ್ಕೆ ಜೆಟರಿನವರ ಒಂದು ದೂರದೃಷ್ಟಿ ಕಾರಣ. 1950ರ ದಶಕದ ಕೊನೆಗೆ ಅವರು ತಮ್ಮ ಸಣ್ಣ, ಮಧ್ಯಮ, ದೊಡ್ಡ ಟ್ರ್ಯಾಕ್ಟರುಗಳನ್ನೆಲ್ಲ ಒಂದೇ ಕುಟುಂಬದವಾಗಿ ರೂಪಿಸಿದರು. ಎಂಜಿನ್ನಿನ ಸಿಲಿಂಡರುಗಳು ಎರಡಾಗಿರಲಿ ಮೂರಾಗಿರಲಿ ನಾಲ್ಕಾಗಿರಲಿ, ಒಳಗಿನ ಅನೇಕ ಭಾಗಗಳು ಎಲ್ಲಕ್ಕೂ ಸಮಾನವಾಗಿರಬೇಕೆಂಬುದು ಅವರ ಸಂಕಲ್ಪ. ಆದುದರಿಂದ ಆ ಕುಟುಂಬದ ಒಂದು ಸಣ್ಣ ಟ್ರ್ಯಾಕ್ಟರು ಕೆಟ್ಟು ಮೂಲೆ ಸೇರಿದರೆ ಅದರ ಉಪಯುಕ್ತ ಅಂಗಗಳು ದೊಡ್ಡಣ್ಣನ ಒಡಲಿಗೆ ಸೇರುವ ಸಂಭವವಿರುತ್ತದೆ. ಇದಲ್ಲದೆ ಅವುಗಳಲ್ಲಿ ಸಿಲಿಂಡರಿನ ಗೋಡೆಯು ಬ್ಲಾಕಿನ ಭಾಗವಾಗಿರದೆ ನೀರಿನ ನಡುವೆ ನಿಲ್ಲುವ ಬಿಡಿ ಲೈನರಾಗಿರುವುದರಿಂದ, ಸವೆದಾಗ ಕೊರೆಯಿಸುವ ತೊಂದರೆಯೂ ಇಲ್ಲದೆ, ಹಳೆಯದನ್ನು ಎಳೆದುಹಾಕಿ ಹೊಸದನ್ನು ಇಳಿಸಿದರಾಯಿತು. ಬ್ಲಾಕು ಮಾತ್ರ ಅಜರಾಮರ.

ಬನಹಟ್ಟಿಯ ಕಡೆಯ ಒಂದು ಅಂಗಡಿಯಲ್ಲಿ ಒಮ್ಮೆ ಕ್ರ್ಯಾಂಕಿನ ಪರೀಕ್ಷೆ ನಡೆಯುತ್ತಿದ್ದುದನ್ನು ಕುಳಿತು ನೋಡಿದೆನು. ಮಿಸ್ತ್ರಿಯು ವಯೋವೃದ್ಧರು. ಕ್ರ್ಯಾಂಕನ್ನು ಡೀಸೆಲಿನಲ್ಲಿ ತೊಳೆದು, ಒರೆಸಿ, ಸರಪಳಿಯಿಂದ ನೇತುಹಾಕಿಸಿ, ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ನಾದ ಸ್ವಚ್ಛವಾಗಿ ಹೊರಟು ಬಹಳ ಹೊತ್ತು ನಿಂತಿತು. ಬಿರುಕಿದ್ದರೆ ಆ ನಾದವು ಮಂಕಾಗಿ ಕೂಡಲೇ ಅಡಗುತ್ತದೆ. ಆಮೇಲೆ ಬೇರಿಂಗು ಕೂರುವ ನಯವಾದ ಜಾಗದ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡಲಾಗಿ ಎಳೆದರು. ಒಂದು ಕಡೆ ಉಗುರು ತೊಡರಿತು. ಕೊನೆಗೆ ಮಾತ್ರ ಮೈಕ್ರೋಮೀಟರು ಹೊರಬಂದು, ಅದೇ ಜಾಗವನ್ನು ಮೊದಲು ಉದ್ದಕ್ಕೂ ಬಳಿಕ ಅಡ್ಡಕ್ಕೂ ಅಳೆಯಿತು. ಪಿಸ್ಟನ್ನಿನ ಒತ್ತಡ ಯಾವಾಗಲೂ ಒಂದು ಮಗ್ಗುಲಿಗೇ ಹೆಚ್ಚಾಗಿ ಬೀಳುವುದರಿಂದ ದುಂಡಗಿದ್ದುದು ಅಂಡಾಕಾರಕ್ಕೆ ತಿರುಗಿರುತ್ತದೆ. ಎರಡು ಅಳತೆಗಳ ಅಂತರವೇ ರೋಗದ ಪ್ರಮಾಣ.

ಟ್ರ್ಯಾಕ್ಟರಿನ ಒಡೆಯನಾದ ತರುಣನಿಗೆ ಇದೆಲ್ಲ ವಿಳಂಬವೆಂದು ತೋರಿರಬೇಕು. “ಮಿಸ್ತ್ರೀರ, ಹೊಸಾದು ಹಾಕಿಬಿಡ್ರಿ. ರೊಕ್ಕದ ಮಾರಿ ನೋಡಬ್ಯಾಡ್ರಿ” ಎಂದನು.

“ತಡಿಯೋ ತಮ್ಮಾ. ಇದರಾಗ ಹತ್ತು ತಗದಾರ, ಇಪ್ಪತ್ತು ತಗದಾರ. ಮೂವತ್ತಿಗೆ ಇನ್ನೊಂದು ಹಂಗಾಮ ಅಲ್ಲ, ನಾಕು ಹಂಗಾಮ ಓಡತೈತಿ. ಇದು ಆಗಿನ ಮಾಲು.”

ಈ ಹತ್ತು, ಇಪ್ಪತ್ತು, ಮೂವತ್ತುಗಳ ಲೆಕ್ಕ ಅಂಗುಲದ ಸಾವಿರದ ಪಾಲುಗಳದು. ಕ್ರ್ಯಾಂಕನ್ನು ಮೊದಲ ಸಲ ಗ್ರೈಂಡಿಂಗ್ ಮಾಡಿಸುವಾಗ ಅಂಗುಲದ ಸಾವಿರದಲ್ಲಿ ಹತ್ತು ಪಾಲು, ಎಂದರೆ ಸುಮಾರು ಕಾಲು ಮಿಲಿಮೀಟರು, ಅಡ್ಡಳತೆಯಲ್ಲಿ ಕಡಿಮೆಯಾಗುತ್ತದೆ. ಅಷ್ಟೇ ಪ್ರಮಾಣದಲ್ಲಿ ದಪ್ಪನಾದ ಬೇರಿಂಗ್ ಚಿಪ್ಪನ್ನು ಹಾಕಿ ಸಡಿಲನ್ನು ತುಂಬುತ್ತಾರೆ. ಎರಡನೆಯ ಸಲ ಇಪ್ಪತ್ತು, ಮೂರನೆಯ ಸಲ ಮೂವತ್ತು. ಅದಕ್ಕೂ ಮುಂದೆ ಹೋದರೆ, ಮೇಲಿನ ಹದಗೊಳಿಸಿದ ಗಟ್ಟಿಪದರು ತೀರಿ ಮೆತ್ತನೆಯ ಉಕ್ಕು ಬಯಲಾಗುವ ಅಪಾಯವಿದೆ. ಪಿಸ್ಟನ್ನಿನ ಕಡೆ ಇದೇ ಲೆಕ್ಕ ತಿರುವುಮುರುವು: ಅಲ್ಲಿ ಸಿಲಿಂಡರು ಅಗಲವಾಗುತ್ತ, ಪಿಸ್ಟನ್ನು ದೊಡ್ಡದಾಗುತ್ತ ಹೋಗುತ್ತದೆ. ಕ್ಯಾಲಿಫೋರ್ನಿಯಾದವನಿಗೂ ನಮ್ಮ ಮಿಸ್ತ್ರಿಗೂ ಇರುವ ಭೇದವೂ ಇಲ್ಲಿಯೇ ಕಾಣುತ್ತದೆ. ಅವನು ಎರಕದವನು ಬಿಟ್ಟ ಲೋಹವನ್ನೆಲ್ಲ ಒಂದೇ ದಿನದ ವೇಗಕ್ಕಾಗಿ ಖರ್ಚು ಮಾಡಿದ ದಾನಶೂರ. ಇವರು ಅದನ್ನೇ ಹತ್ತು ಹತ್ತು ಸಾವಿರದ ಪಾಲಿನಂತೆ ವರ್ಷಗಟ್ಟಲೆ ಹಂಚಿ ಉಣ್ಣುವ ಗೃಹಸ್ಥರು.

ಗೃಹಸ್ಥರ ಮನೆಯಲ್ಲಿಯೂ ಹುಡುಗರಿರುತ್ತಾರಲ್ಲ! ಎತ್ತುಗಳಿಂದ ಗಾಲಿ ಬಿಗಿದ ಬಂಡಿಯನ್ನು ಎಳೆಯಿಸುವ ತೆರಬಂಡಿಯ ಸ್ಪರ್ಧೆ ಈ ಭಾಗದ ಜಾತ್ರೆಗಳಲ್ಲಿ ಹಿಂದಿನಿಂದ ಬಂದುದು. ಅದರ ಜೊತೆಗೆ ಈಗ ಟ್ರ್ಯಾಕ್ಟರಿಗೆ ಹೇರು ಹೊರಿಸಿ ಜಗ್ಗಿಸುವ, ಟ್ರೇಲರು ಸಹಿತ ಹಿಂದಕ್ಕೆ ಓಡಿಸುವ ಪಂದ್ಯಗಳೂ ಸೇರಿಕೊಂಡಿವೆ. ಇಲ್ಲಿ ಹಾಟ್ ರಾಡಿನವರ ಚಪಲವು ಕೃಷ್ಣಾತೀರದಲ್ಲಿ ಮರುಕಳಿಸುವುದನ್ನು ಕಾಣಬಹುದು. ಒಂದು ಮುಖ್ಯ ಅಂತರವೆಂದರೆ, ಅವರಿಗೆ ಬೇಕಾದುದು ಸುತ್ತುಗಳ ಸಂಖ್ಯೆ, ಇವರಿಗೆ ಬೇಕಾದುದು ತಿರುಚುವ ಬಲ. ಎಂಜಿನ್ನಿನ ಅಶ್ವಶಕ್ತಿಯು ಈ ಎರಡರ ಗುಣಲಬ್ಧವಾದುದರಿಂದ, ಅಷ್ಟೇ ಅಶ್ವಶಕ್ತಿಯಲ್ಲಿ ನಿಧಾನವಾಗಿ ತಿರುಗುವ ಎಂಜಿನ್ನು ಹೆಚ್ಚು ಜಗ್ಗುತ್ತದೆ. ಉದ್ದ ಹೊಡೆತದ, ಭಾರಿ ಗಾಲಿಯ, ತಡವಾಗಿ ಉಸಿರಾಡುವ ಹಳೆಯ ಎಂಜಿನ್ನುಗಳು ಹುಡುಗರಿಗೆ ಪ್ರಿಯವಾಗಿರುವುದು ಬರಿಯ ಮೋಹದಿಂದಲ್ಲ. ಅದರ ಹಿಂದೆ ಗಣಿತವೂ ಇದೆ.

ಆದರೆ ಇಲ್ಲಿ ನಡೆಯುವ ಅವಿವೇಕಗಳ ಬಗೆಗೂ ಒಂದು ಮಾತು ಹೇಳದೆ ಇರಲಾಗದು. ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಎಣ್ಣೆಯನ್ನು ಹೆಚ್ಚಿಗೆ ಬಿಡುವುದು ಎಲ್ಲಕ್ಕಿಂತ ಸುಲಭವಾದ ಉಪಾಯ, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಹೊಗೆಕೊಳವೆಯಿಂದ ಕಾಡಿಗೆಗಪ್ಪು ಹೊಗೆ ಭುಗಿಲೆದ್ದರೆ ಹುಡುಗರು ಕೇಕೆ ಹಾಕುತ್ತಾರೆ. ವಾಸ್ತವವಾಗಿ ಆ ಹೊಗೆ ಗಾಳಿ ಸಾಲದೆ ಸುಡದೆ ಉಳಿದ ಎಣ್ಣೆ. ಕಾವು ಮಿತಿಮೀರಿ ಪಿಸ್ಟನ್ನಿನ ತಲೆ ಕರಗುವುದು, ರಿಂಗು ಹಿಡಿದುಕೊಳ್ಳುವುದು, ಹೆಡ್ಡು ಸೀಳುವುದು ಇದರ ಫಲ. ಲಾರಿಯ ಹಳೆಯ ಟರ್ಬೋ ತಂದು ಜೋಡಿಸಿದರೆ ಗಾಳಿಯೇನೋ ಹೆಚ್ಚುತ್ತದೆ. ಅದರೊಂದಿಗೆ ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತದೆಂಬುದನ್ನು ಮರೆಯಬಾರದು. ಹಾಟ್ ರಾಡಿನವರು ಹಳೆಯ ಚೌಕಟ್ಟಿಗೆ ಎಣ್ಣೆಯ ಬ್ರೇಕು ಹಾಕಿಕೊಂಡುದನ್ನು ಹಿಂದೆಯೇ ಹೇಳಿದೆನಷ್ಟೆ. ಕಸುವು ಹೆಚ್ಚಿಸಿದವನು ನಿಲ್ಲಿಸುವ ಉಪಾಯವನ್ನೂ ಚಿಂತಿಸಬೇಕು. ಎರಡು ಟ್ರೇಲರು ತುಂಬ ಕಬ್ಬು ಹೇರಿಕೊಂಡು ಇಳಿಜಾರಿನಲ್ಲಿ ಬರುವ ಟ್ರ್ಯಾಕ್ಟರಿಗೆ ಈ ಮಾತು ಪಂದ್ಯಕ್ಕಿಂತಲೂ ಹೆಚ್ಚಾಗಿ ಅನ್ವಯಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕನು ನಿರ್ದೇಶಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸಿದೆ. ಜಾತ್ರೆಯ ಬಯಲಿನಲ್ಲಿ ಸಲ್ಲುವುದು ರಸ್ತೆಯ ಮೇಲೆ ಸಲ್ಲದು.

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆಯು ಉಕ್ಕಿ ಹರಿದಾಗ ಈ ಅಂಗಡಿಗಳ ವಿದ್ಯೆಗೆ ಬೇರೆಯದೇ ಪರೀಕ್ಷೆ ಒದಗಿತು. ದಂಡೆಯ ಮೇಲಿನ ಎಂಜಿನ್ನು, ಮೋಟಾರು, ಪಂಪುಗಳು ನೀರಿನಡಿ ಸೇರಿದುವು. ಎಂಜಿನ್ನಿಗೆ ನೀರಿಗಿಂತ ನೀರು ತಂದ ರೇವೆಯೇ ದೊಡ್ಡ ಶತ್ರು. ಮೇಲೆ ಒರೆಸಿ ಒಣಗಿಸಿ ಹ್ಯಾಂಡಲು ಹೊಡೆದವನ ಎಂಜಿನ್ನಿನಲ್ಲಿ ಆ ನುಣ್ಣನೆಯ ಮಣ್ಣು ಎಣ್ಣೆಯೊಡನೆ ಕಲಸಿ, ಉಜ್ಜುವ ಲೇಪವಾಗಿ, ಬೇರಿಂಗುಗಳನ್ನೂ ಲೈನರನ್ನೂ ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ. ಮುಳುಗಿದ ಎಂಜಿನ್ನನ್ನು ತಿರುಗಿಸದೆ, ಹಾಗೆಯೇ ಬಿಚ್ಚಿ, ಎಣ್ಣೆಯ ದಾರಿಗಳನ್ನೆಲ್ಲ ತಂತಿಯಿಂದ ತೂರಿ ತೊಳೆದು, ಆಮೇಲೆಯೇ ಜೋಡಿಸಬೇಕು. ಲಿಸ್ಟರಿನಂಥ ಹಳೆಯ ಎಂಜಿನ್ನಿನಲ್ಲಿ ಇದು ಸುಗಮ. ಅದರ ಕನೆಕ್ಟಿಂಗ್ ರಾಡಿನ ತುದಿಯ ಚಿಕ್ಕ ಸೌಟು ಕೆಳಗಿನ ಎಣ್ಣೆಯಲ್ಲಿ ಅದ್ದಿ ಚಿಮ್ಮಿಸುವುದರಿಂದಲೇ ಒಳಗಿನ ಬೇರಿಂಗುಗಳಿಗೆ ಜಿಡ್ಡು ಹತ್ತುತ್ತದೆ. ತೊಳೆಯಬೇಕಾದ ಸಂದಿಗಳು ಕಡಿಮೆ.

ಹೊಸ ಎಂಜಿನ್ನುಗಳಲ್ಲಿ ಈ ಸೌಲಭ್ಯ ನಿರೀಕ್ಷಿಸಲಾಗದು. 2023ರ ಜನವರಿಯಿಂದ ಐವತ್ತು ಅಶ್ವಶಕ್ತಿಗೆ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಕುರಿತಾದ ಬಿಗಿಯಾದ ನಿಯಮಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಎಣ್ಣೆಯನ್ನು ಎಷ್ಟು, ಯಾವ ಕ್ಷಣದಲ್ಲಿ ಚಿಮ್ಮಿಸಬೇಕೆಂಬುದನ್ನು ವಿದ್ಯುನ್ಮಾನದ ಮಿದುಳೊಂದು ನಿರ್ಧರಿಸುತ್ತದೆ. ಅವು ಕಡಿಮೆ ಎಣ್ಣೆ ಕುಡಿದು ಹೆಚ್ಚು ದುಡಿಯುತ್ತವೆ, ಗಾಳಿಯನ್ನು ಕಡಿಮೆ ಕೆಡಿಸುತ್ತವೆ. ಇದನ್ನು ಒಪ್ಪದಿರುವುದು ಹಟಮಾರಿತನವಾದೀತು. ಗಣಕಯಂತ್ರದ ಲೆಕ್ಕಾಚಾರದಿಂದ ಎಲ್ಲಿ ಎಷ್ಟು ಲೋಹ ಬೇಕೋ ಅಷ್ಟನ್ನೇ ಇಟ್ಟಿರುವುದರಿಂದ ಅವು ಹಗುರವೂ ಆಗಿವೆ. ಆದರೆ ಹೆಚ್ಚುವರಿಯನ್ನು ಉಳಿಸದ ಆ ಲೆಕ್ಕದಲ್ಲಿ ಎರಡನೆಯ ಒಡೆಯನಿಗೂ ಮೂರನೆಯ ಮಿಸ್ತ್ರಿಗೂ ಪಾಲಿಲ್ಲವೆಂದು ನನಗೆ ತೋರುತ್ತದೆ.

ಈ ಅಂಗಡಿಗಳು ಮಾಡುವಂತೆ ಕಬ್ಬಿಣವನ್ನು ಮರಳಿ ಬಳಸುವ ಬುದ್ಧಿ ಈ ಪ್ರದೇಶಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಭೂಮಿಗೆ ತಮ್ಮ ಕಾರ್ಖಾನೆಯನ್ನು ಸಾಗಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿದೇಶದ ಬೀಡುಕಬ್ಬಿಣ ಬರುವುದು ನಿಂತುಹೋದಾಗ, ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಕೋಟೆಯಲ್ಲಿ ನಿರುಪಯೋಗವಾಗಿ ಬಿದ್ದಿದ್ದ ಹಳೆಯ ತೋಪುಗಳನ್ನು ಅವರಿಗೆ ಕೊಡಿಸಿದರು. ಆ ತೋಪುಗಳು ಕುಲುಮೆಯಲ್ಲಿ ಕರಗಿ ನೇಗಿಲಾದುವು. ಮುಂದೆ ಅದೇ ಮನೆತನದವರು 1941ರಲ್ಲಿ ಹರಿಹರದಲ್ಲಿ ಸ್ಥಾಪಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಕರ್ನಾಟಕದ ಎಷ್ಟೋ ಅಂಗಡಿಗಳನ್ನು ತಲಪಿದುವು. ಆ ಕಾರ್ಖಾನೆ ಮುಚ್ಚಿದ ಮೇಲೂ ಅವು ತಿರುಗುತ್ತಲೇ ಇವೆ, ಮತ್ತು ಅವುಗಳ ದುರಸ್ತಿಗೆ ಬೇಕಾದ ಭಾಗಗಳನ್ನು ಎಷ್ಟೋ ಸಲ ಅವುಗಳ ಮೇಲೆಯೇ ತಿರುವಿ ಮಾಡಿಕೊಳ್ಳಲಾಗುತ್ತದೆ.

ಕೊನೆಗೊಂದು ದಿನ ಬ್ಲಾಕಿಗೂ ಆಯುಷ್ಯ ಮುಗಿಯುತ್ತದೆ. ಲೈನರು ಕೂರುವ ಅಂಚು ತುಕ್ಕಿನಿಂದ ಹಳ್ಳಬಿದ್ದು ನೀರು ಎಣ್ಣೆಗೆ ಇಳಿಯತೊಡಗಿತೆಂದರೆ, ಅಥವಾ ಕ್ರ್ಯಾಂಕಿನ ಮನೆಯೇ ಸೀಳಿತೆಂದರೆ, ವೆಲ್ಡಿಂಗಿನವನು ಒಂದೆರಡು ಸಲ ಪ್ರಯತ್ನಿಸುತ್ತಾನೆ. ಬೀಡುಕಬ್ಬಿಣವು ಬೆಸುಗೆಯ ಕಾವಿಗೆ ಪಕ್ಕದಲ್ಲಿಯೇ ಮತ್ತೆ ಬಿರಿಯುವ ಸ್ವಭಾವದ್ದಾದುದರಿಂದ ಅದು ಬಹುಕಾಲ ನಿಲ್ಲದು. ಆಗ ಮಿಸ್ತ್ರಿಯು ಬ್ಲಾಕಿನಿಂದ ಬೋಲ್ಟು, ಸ್ಟಡ್ಡು, ಬುಷ್ಷುಗಳನ್ನೆಲ್ಲ ಕಳಚಿ ಡಬ್ಬಿಗಳಿಗೆ ಸೇರಿಸಿ, ಉಳಿದುದನ್ನು ತೂಕಕ್ಕೆ ಹಾಕುತ್ತಾನೆ. ಗುಜರಿಯವನು ಅದನ್ನು ತಗಡು, ಸಲಾಕೆಗಳ ರಾಶಿಗೆ ಬೆರೆಸದೆ ಬೇರೆಯಾಗಿಯೇ ಇಡುತ್ತಾನೆ. ಏಕೆಂದರೆ ಬೆಳಗಾವಿ, ಕೊಲ್ಲಾಪುರಗಳ ಎರಕದ ಮನೆಯವರು ಎಂಜಿನ್ ಬ್ಲಾಕಿನ ಬೀಡಿಗೆ, ಅದರ ಘಟಕಗಳ ಪ್ರಮಾಣ ನೆಚ್ಚಬಹುದಾದುದೆಂಬ ಕಾರಣದಿಂದ, ಬೇರೆ ಗುಜರಿಗಿಂತ ಹೆಚ್ಚಿನ ದರ ಕೊಡುತ್ತಾರೆ.